ಮಗುವಿನ ಮೊದಲ ಬೇಸಿಗೆಯಲ್ಲಿ ಖುಷಿ ಪಡುವಂಥದ್ದು ಏನಿದೆ?

ಏಪ್ರಿಲ್‌ಗೆ ನಿಮ್ಮ ಮಗುವಿಗೆ ನಾಲ್ಕು ತಿಂಗಳು ತುಂಬುತ್ತದೆ, ಎಲ್ಲರೂ ಸೆಕೆ ಹೇಳಿ ಹೆದರಿಸುತ್ತಿದ್ದಾರೆ, ಖುಷಿ ಪಡೋಕೆ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಇದೆ, ಬಹಳ ಇದೆ. ನಾವಿರೋದು ಕಲಬುರಗಿಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು. ನಮ್ಮ ಮಗಳ ಮೊದಲ ಬೇಸಿಗೆ ಇಲ್ಲೇ ಕಳೆಯಿತು. ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಇದ್ದಷ್ಟು ನಗು ಅದಕ್ಕೂ ಮುಂಚೆ ಯಾವತ್ತೂ ಇರಲಿಲ್ಲ.

ನನಗಂತೂ ಬಿಸಿಲು ಕೊಟ್ಟದ್ದು ಸಮಯ. ನಾನು ಸರ್ಕಾರಿ ನೌಕರ. ಬೇಸಿಗೆಯಲ್ಲಿ ನಮ್ಮ ಕಡೆ ಕಚೇರಿ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತದೆ. ಬೇರೆ ದಿನಗಳಲ್ಲಿ ನಾನು ಮನೆ ಸೇರುವಷ್ಟರಲ್ಲಿ ಕೂಸಿಗೆ ನಿದ್ದೆಯ ಹೊತ್ತು. ಏಪ್ರಿಲ್ ಬಂದದ್ದೇ ಇಡೀ ಮಧ್ಯಾಹ್ನ ನಮ್ಮಿಬ್ಬರದು. ಹೆಂಡತಿಗೂ ಒಂದಿಷ್ಟು ಮಲಗೋಕೆ ಸಿಗುತ್ತಿತ್ತು.

ಮಗಳು ಹುಟ್ಟಿದ್ದು ಡಿಸೆಂಬರ್ ಚಳಿಯಲ್ಲಿ. ಕುಲಾಯಿ, ಸ್ವೆಟರ್, ಮೇಲೊಂದು ದುಪಟಿ. ಅಷ್ಟು ದಿನ ನಾನು ಸರಿಯಾಗಿ ನೋಡಿದ್ದು ಮುಖ ಒಂದನ್ನೇ. ಬೇಸಿಗೆಯಲ್ಲಿ ಅದೆಲ್ಲ ಕಳಚಿ ಬರೀ ಲಂಗೋಟಿ ಉಳಿಯಿತು. ತೊಡೆಯ ಮಡಿಕೆ, ದುಂಡು ಹೊಟ್ಟೆ, ಬೆನ್ನಿನ ಮೇಲಿನ ಸಣ್ಣ ಕೂದಲು ಎಲ್ಲ ಕಂಡವು. ಕೈಕಾಲು ಬಿಡುವಾದ ಮೇಲೆ ಅವಳ ಆಟವೇ ಬೇರೆಯಾಯಿತು. ಕಾಲು ಎತ್ತಿ ಹಿಡಿದು ಹೆಬ್ಬೆರಳು ಬಾಯಿಗೆ ತರೋದು, ಕೈ ಜಾರಿದರೆ ಸಿಟ್ಟಾಗೋದು, ಮತ್ತೆ ಹಿಡಿಯೋದು.

ನಮ್ಮದು ಶಹಾಬಾದ್ ಕಲ್ಲಿನ ನೆಲ. ಎಂಥ ಬಿಸಿಲಿಗೂ ತಣ್ಣಗಿರುತ್ತದೆ. ಅದರ ಮೇಲೆ ಅವ್ವ ಹೊಲಿದ ಕೌದಿ ಹಾಸಿ ಬಿಡುತ್ತಿದ್ದೆವು. ಬೋರಲು ಬೀಳೋದು ಕಲಿತದ್ದೂ ಅಲ್ಲೇ. ಒಂದು ದಿನ ಹೊರಳಿ ಹೊರಳಿ ಕೌದಿ ದಾಟಿದಳು, ಕೆನ್ನೆ ಕಲ್ಲಿಗೆ ತಾಗಿತು. ಒಂದು ಗಳಿಗೆ ಕಣ್ಣು ಅಗಲ ಮಾಡಿ ಸುಮ್ಮನಾದಳು. ಆಮೇಲೆ ಕೇಕೆ ಹಾಕಿ ನಕ್ಕಳು. ಅಂದಿನಿಂದ ಕೌದಿಯ ಅಂಚು ಹುಡುಕಿಕೊಂಡು ಹೋಗೋದೇ ಅವಳ ಕೆಲಸ.

ಕರೆಂಟ್ ಹೋದರೂ ಬೇಜಾರಿಲ್ಲ. ಬೀಸಣಿಗೆಯಿಂದ ಮುಖಕ್ಕೆ ಗಾಳಿ ಹಾಕಿದರೆ ಉಸಿರು ಹಿಡಿದು, ಕಣ್ಣು ಪಿಳಿಪಿಳಿ ಮಾಡಿ, ಇನ್ನೂ ಬೇಕು ಅನ್ನುವ ಹಾಗೆ ಕಾಲು ಬಡಿಯುತ್ತಿದ್ದಳು.

ಸ್ನಾನದ ಬಗ್ಗೆ ಒಂದು ಮಾತು. ಬೇಸಿಗೆ ಮಧ್ಯಾಹ್ನ ಮೇಲಿನ ಟ್ಯಾಂಕಿನ ನೀರು ಕಾದಿರುತ್ತದೆ, ನೇರ ಹಾಕಬೇಡಿ. ನಾವು ಬಕೆಟ್‌ನಲ್ಲಿ ಮುಂಚೆಯೇ ಹಿಡಿದಿಟ್ಟು, ಸಂಜೆ ಮೊಣಕೈ ಅದ್ದಿ ನೋಡಿ ಎರೆಯುತ್ತಿದ್ದೆವು. ಬೆವರುಸಾಲೆಗೆ ಪೌಡರ್ ಬೇಡ, ಅದರ ಪುಡಿ ಮಗುವಿನ ಉಸಿರಿಗೆ ಹೋಗುತ್ತದೆ. ಕತ್ತಿನ ಮಡಿಕೆ ಒರೆಸಿ ಒಣಗಿಸಿ, ತೆಳು ಹತ್ತಿಬಟ್ಟೆ ಹಾಕಿದರೆ ಸಾಕು.

ಇನ್ನು ನೀರು ಕುಡಿಸುವ ವಿಷಯ. ಮನೆಗೆ ಬಂದವರೆಲ್ಲ "ಪಾಪ, ಒಂದು ಚಮಚ ನೀರು ಹಾಕ್ರಿ" ಅನ್ನುತ್ತಿದ್ದರು. ಅವರದು ಅಕ್ಕರೆ, ನಿಜ. ಆದರೆ ಆರು ತಿಂಗಳವರೆಗೆ ತಾಯಿ ಹಾಲು ಕುಡಿಯುವ ಕೂಸಿಗೆ ಎಂಥ ಬಿಸಿಲಲ್ಲೂ ಬೇರೆ ನೀರು ಬೇಕಿಲ್ಲ. ಆ ಹಾಲಿನಲ್ಲಿ ನೂರಕ್ಕೆ ಸುಮಾರು 88 ಭಾಗ ನೀರೇ ಇರುತ್ತದೆ. ಜಾಸ್ತಿ ಸಲ ಹಾಲು ಕುಡಿಸಿ, ತಾಯಿ ಚೆನ್ನಾಗಿ ನೀರು, ಮಜ್ಜಿಗೆ ಕುಡಿಯಲಿ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಚಿಂತೆ ಬೇಡ. ಅದು ಕಮ್ಮಿಯಾದರೆ, ಮೈ ಸುಡುತ್ತಿದ್ದರೆ, ಮಗು ಮಂಕಾದರೆ ಕೂಡಲೇ ಡಾಕ್ಟರ್ ಹತ್ತಿರ ಹೋಗಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಾಳಿಗೆ. ಸಂಜೆ ನೀರು ಚಿಮುಕಿಸಿ, ಕಾವು ಇಳಿದ ಮೇಲೆ ಸೊಳ್ಳೆ ಪರದೆ ಕಟ್ಟಿ ಎಲ್ಲರೂ ಮೇಲೆ. ಅವ್ವ ಚಂದಪ್ಪನನ್ನು ಕರೆಯೋದು, ಪಕ್ಕದ ಮಾಳಿಗೆಯ ಹುಡುಗರು "ಕೂಸು ಎದ್ದೈತೇನ್ರಿ?" ಅಂತ ಕೂಗೋದು, ಅವರ ದನಿ ಕೇಳಿದರೆ ಇವಳು ಅತ್ತ ತಿರುಗೋದು. ಇಡೀ ಓಣಿಗೇ ಅವಳ ಗುರುತಾಯಿತು. ಚಳಿಗಾಲದಲ್ಲಿ ಬಾಗಿಲು ಹಾಕಿಕೊಂಡಿದ್ದಾಗ ಇದೆಲ್ಲ ಎಲ್ಲಿತ್ತು?

ನಿಮ್ಮ ಊರು ಯಾವುದು ಅಂತ ಬರೆದಿಲ್ಲ. ನಮ್ಮಂಥ ಒಣ ಸೆಕೆಯ ಊರಾದರೆ ಕೂಲರ್ ಇಡಿ, ಕಿಟಕಿ ತೆರೆದಿರಲಿ, ಗಾಳಿ ಸೀದಾ ಮಗುವಿಗೆ ಬಡಿಯದಿರಲಿ. ಮಂಗಳೂರು, ಕಾರವಾರದ ಕಡೆಯಾದರೆ ಗಾಳಿಯಲ್ಲೇ ತೇವ ಇರೋದರಿಂದ ಕೂಲರ್‌ನಿಂದ ಅಷ್ಟು ಉಪಯೋಗವಿಲ್ಲ, ಫ್ಯಾನ್ ಹಾಕಿ. ಲಂಗೋಟಿ ಆಟ, ಸಂಜೆ ಸ್ನಾನ ಎಲ್ಲಿದ್ದರೂ ನಡೆಯುತ್ತದೆ. ಮಧ್ಯಾಹ್ನ ಒಂದು ಗಂಟೆ ಬಿಡುವು ಸಿಕ್ಕರೂ ಮೊಬೈಲ್ ಬದಿಗಿಟ್ಟು ಮಗುವಿನ ಜೊತೆ ನೆಲದ ಮೇಲೆ ಮಲಗಿಬಿಡಿ.