ಛಾಯಾಚಿತ್ರದ ಮೂಲಕ ಪತ್ತೆಯಾದ ಮೊದಲ ಕ್ಷುದ್ರಗ್ರಹ ಯಾವುದು? ಅದರ ಕಕ್ಷೆ ಹೇಗಿದೆ?

ಆ ಹಿರಿಮೆ ಸಲ್ಲುವುದು 323 ಬ್ರೂಸಿಯಾಗೆ. ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಖಗೋಳಜ್ಞ ಮ್ಯಾಕ್ಸ್ ವೋಲ್ಫ್ ಅವರು 1891ರ ಡಿಸೆಂಬರ್‌ನಲ್ಲಿ ಇದನ್ನು ಗುರುತಿಸಿದರು. ಅದಕ್ಕೂ ಮುನ್ನ ಖಗೋಳಜ್ಞರು ದೂರದರ್ಶಕದಲ್ಲಿ ಕಣ್ಣಿಟ್ಟು, ಕಾಣುವ ಒಂದೊಂದು ಚುಕ್ಕೆಯನ್ನೂ ನಕ್ಷತ್ರಪಟದೊಂದಿಗೆ ಹೋಲಿಸಿ ನೋಡಬೇಕಿತ್ತು. ವೋಲ್ಫ್ ಅವರ ವಿಧಾನದಲ್ಲಿ ಕ್ಯಾಮೆರಾವು ಆಕಾಶದ ತೋರಿಕೆಯ ಚಲನೆಯನ್ನು ಅನುಸರಿಸುತ್ತಾ ದೀರ್ಘಕಾಲ ತೆರೆದಿರುತ್ತಿದ್ದುದರಿಂದ, ನಕ್ಷತ್ರಗಳು ಗಾಜಿನ ಫಲಕದ ಮೇಲೆ ಬಿಂದುಗಳಾಗಿ ಮೂಡುತ್ತಿದ್ದವು; ಅವುಗಳ ನಡುವೆ ಸರಿಯುತ್ತಿದ್ದ ಕ್ಷುದ್ರಗ್ರಹ ಮಾತ್ರ ಪುಟ್ಟ ಗೆರೆಯಾಗಿ ಉಳಿಯುತ್ತಿತ್ತು. ನನ್ನ ದೃಷ್ಟಿಯಲ್ಲಿ ಈ ಕಾಯಕ್ಕಿಂತ ಅದನ್ನು ತೋರಿಸಿಕೊಟ್ಟ ವಿಧಾನವೇ ದೊಡ್ಡದು, ಏಕೆಂದರೆ ವೋಲ್ಫ್ ಒಬ್ಬರೇ ಮುಂದೆ ಇದೇ ದಾರಿಯಲ್ಲಿ ಇನ್ನೂರಕ್ಕೂ ಹೆಚ್ಚು ಕ್ಷುದ್ರಗ್ರಹಗಳನ್ನು ಕಂಡುಹಿಡಿದರು. ಹೊಸ ದೂರದರ್ಶಕಕ್ಕೆಂದು ಅವರಿಗೆ 10,000 ಡಾಲರ್ ನೀಡಿದ ಅಮೆರಿಕದ ದಾನಿ ಕ್ಯಾಥರೀನ್ ವೋಲ್ಫ್ ಬ್ರೂಸ್ ಅವರ ಗೌರವಾರ್ಥ ಇದಕ್ಕೆ ಈ ಹೆಸರಿಡಲಾಯಿತು.

ಬ್ರೂಸಿಯಾ ಮಂಗಳ ಮತ್ತು ಗುರು ಗ್ರಹಗಳ ನಡುವೆ ಕ್ಷುದ್ರಗ್ರಹಗಳು ಹೆಚ್ಚಾಗಿರುವ ಮುಖ್ಯ ಪಟ್ಟಿಯ ಒಳಭಾಗಕ್ಕೆ ಸೇರಿದ್ದು, ಸೂರ್ಯನನ್ನು ಸುತ್ತಲು ಸುಮಾರು 3 ವರ್ಷ 8 ತಿಂಗಳು ತೆಗೆದುಕೊಳ್ಳುತ್ತದೆ. ಕಕ್ಷೆಯ ಉತ್ಕೇಂದ್ರತೆ, ಅಂದರೆ ಅದು ವೃತ್ತಾಕಾರದಿಂದ ಎಷ್ಟು ಬೇರೆಯಾಗಿದೆ ಎಂಬ ಅಳತೆ, ಸುಮಾರು 0.3 ಇರುವುದರಿಂದ ಸೂರ್ಯನಿಂದ ಅದರ ದೂರ 1.7ರಿಂದ 3.1 ಖಗೋಳಮಾನದವರೆಗೆ ಬದಲಾಗುತ್ತದೆ. ಭೂಮಿ ಮತ್ತು ಸೂರ್ಯರ ನಡುವಿನ ಸರಾಸರಿ ದೂರವೇ ಒಂದು ಖಗೋಳಮಾನ. ಜೊತೆಗೆ ಈ ಕಕ್ಷೆ ಭೂಮಿಯ ಕಕ್ಷಾತಲಕ್ಕೆ ಸುಮಾರು 24 ಡಿಗ್ರಿಗಳಷ್ಟು ಓರೆಯಾಗಿದೆ.