ಕ್ವಾಂಟಂ ಸಿದ್ಧಾಂತದ ತತ್ತ್ವಶಾಸ್ತ್ರಕ್ಕೆ ಗಣಿತ ಎಷ್ಟು ಬೇಕು?

ತತ್ತ್ವಶಾಸ್ತ್ರದ ವಿದ್ಯಾರ್ಥಿಯಾದ ತಾವು, ಪರಮಾಣು ಮತ್ತು ಅದಕ್ಕೂ ಕಿರಿದಾದ ಕಣಗಳ ವರ್ತನೆಯನ್ನು ವಿವರಿಸುವ ಕ್ವಾಂಟಂ ಸಿದ್ಧಾಂತ ಎತ್ತುವ ತಾತ್ತ್ವಿಕ ಪ್ರಶ್ನೆಗಳನ್ನು ಗಣಿತದ ಗೊಡವೆಯಿಲ್ಲದೆ ಅಧ್ಯಯನ ಮಾಡಬಹುದೇ ಎಂದು ಕೇಳಿದ್ದೀರಿ. ಸಾಧ್ಯವಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಆರಂಭಕ್ಕೆ ಬೇಕಾದ ಗಣಿತ ತಾವು ಅಂಜಿರುವಷ್ಟು ದೊಡ್ಡದಲ್ಲ. ಸಂಕೀರ್ಣ ಸಂಖ್ಯೆಗಳು, ಎರಡು ಆಯಾಮದ ಸದಿಶಗಳು, ಎರಡು ಸಾಲಿನ ಮಾತೃಕೆಗಳು, ಸಂಭವನೀಯತೆಯ ಮೂಲಪಾಠ, ಇಷ್ಟು ಸಾಕು.

ನಾನೂ ಮೊದಲು, ಈ ಸಿದ್ಧಾಂತದ ಅರ್ಥವೇನೆಂದು ಹೇಳುವ ವ್ಯಾಖ್ಯಾನಗಳನ್ನೇ ಓದುತ್ತಿದ್ದೆ. ಅಳೆಯುವ ಮುನ್ನ ಕಣಕ್ಕೆ ನಿಶ್ಚಿತ ಗುಣವಿಲ್ಲವೆನ್ನುವ ಕೋಪನ್‌ಹೇಗನ್ ನಿಲುವಾಗಲಿ, ಸಾಧ್ಯವಿರುವ ಪ್ರತಿ ಫಲಿತಾಂಶವೂ ಒಂದೊಂದು ಲೋಕದಲ್ಲಿ ನಡೆಯುತ್ತದೆನ್ನುವ ಬಹುಲೋಕ ವಾದವಾಗಲಿ, ಓದುತ್ತಿರುವಷ್ಟು ಹೊತ್ತು ಎಲ್ಲವೂ ಸರಿಯೆನಿಸುತ್ತಿದ್ದವು. ಯಾವುದನ್ನು ಏಕೆ ಒಪ್ಪಬೇಕೆಂದರೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ಮಂಡಿಸಿದ ಪ್ರಮೇಯದ ಒಂದು ಸರಳ ರೂಪವನ್ನು ಕಾಗದದ ಮೇಲೆ ನಾನೇ ಬಿಡಿಸಿದ ಮೇಲೆ ಅದು ಬದಲಾಯಿತು.

ಆ ಸರಳ ರೂಪ ಹೀಗಿದೆ. ಸ್ಪಿನ್ ಎಂಬುದು ಕಣದ ಒಂದು ಸಹಜ ಗುಣ; ಯಾವ ದಿಕ್ಕಿನಲ್ಲಿ ಅಳೆದರೂ ಇಲ್ಲಿಯ ಕಣಗಳಿಗೆ 'ಮೇಲೆ' ಅಥವಾ 'ಕೆಳಗೆ' ಎಂಬ ಉತ್ತರವಷ್ಟೇ ಬರುತ್ತದೆ. ಒಟ್ಟು ಸ್ಪಿನ್ ಶೂನ್ಯವಾಗಿರುವ, ಒಂದರೊಡನೊಂದು ಹೆಣೆದುಕೊಂಡ ಎರಡು ಕಣಗಳನ್ನು ದೂರ ಕಳುಹಿಸಿ, ಪರಸ್ಪರ 120 ಡಿಗ್ರಿ ಅಂತರದ ಮೂರು ದಿಕ್ಕುಗಳಲ್ಲಿ ಯಾವುದಾದರೊಂದರಲ್ಲಿ ಪ್ರತಿ ಕಣದ ಸ್ಪಿನ್ನನ್ನು ಅಳೆಯುತ್ತೇವೆ ಎನ್ನಿ. ಎರಡೂ ಕಡೆ ಒಂದೇ ದಿಕ್ಕನ್ನು ಆರಿಸಿದರೆ ಫಲಿತಾಂಶಗಳು ಯಾವಾಗಲೂ ವಿರುದ್ಧವಾಗಿರುತ್ತವೆ. ಇದಕ್ಕೆ ಸಹಜವಾಗಿ ತೋಚುವ ಕಾರಣ, ಮೂರೂ ದಿಕ್ಕುಗಳ ಉತ್ತರವನ್ನು ಕಣಗಳು ಹೊರಡುವಾಗಲೇ ಹೊತ್ತು ತಂದಿವೆ ಎಂಬುದು. ಆದರೆ ಉತ್ತರ 'ಮೇಲೆ' ಅಥವಾ 'ಕೆಳಗೆ' ಎಂಬ ಎರಡೇ ಆಗಿರುವುದರಿಂದ, ಒಂದು ಕಣ ಹೊತ್ತ ಮೂರು ಉತ್ತರಗಳಲ್ಲಿ ಕನಿಷ್ಠ ಎರಡು ಒಂದೇ ಆಗಿರಲೇಬೇಕು; ಇನ್ನೊಂದು ಕಣ ಹೊತ್ತಿರುವುದು ಅವಕ್ಕೆ ತದ್ವಿರುದ್ಧ ಉತ್ತರಗಳನ್ನು. ಹಾಗಾದರೆ, ಎರಡು ಕಡೆ ಬೇರೆ ಬೇರೆ ದಿಕ್ಕುಗಳನ್ನು ಮನಬಂದಂತೆ ಆರಿಸಿದಾಗ, ವಿರುದ್ಧ ಫಲಿತಾಂಶ ಸರಾಸರಿ ಮೂರರಲ್ಲೊಂದು ಸಲವಾದರೂ ಬರಬೇಕು. ಕ್ವಾಂಟಂ ಸಿದ್ಧಾಂತದ ಲೆಕ್ಕ ಹೇಳುವುದು ಅದಕ್ಕಿಂತ ಕಡಿಮೆ, ನಾಲ್ಕರಲ್ಲೊಂದು. ಬೆಲ್ ಗುರುತಿಸಿದ ಮಿತಿಯನ್ನು ಪ್ರಕೃತಿ ಮೀರುತ್ತದೆ ಎಂಬುದನ್ನು 1972ರಿಂದ ನಡೆದ ಪ್ರಯೋಗಗಳು ತೋರಿಸಿವೆ. ಫಲಿತಾಂಶಕ್ಕೆ ಬೇರೆ ವಿವರಣೆ ಕೊಡಲು ಎಡೆಮಾಡಿಕೊಡುತ್ತಿದ್ದ, ಉಳಿದಿದ್ದ ಮುಖ್ಯ ಸಂದುಗಳನ್ನು ಒಟ್ಟಿಗೇ ಮುಚ್ಚಿ 2015ರಲ್ಲಿ ನಡೆಸಿದ ಪ್ರಯೋಗಗಳೂ ಅದನ್ನೇ ಖಚಿತಪಡಿಸಿದವು.

ತಮ್ಮಂಥವರ ತರಬೇತಿ ಉಪಯೋಗಕ್ಕೆ ಬರುವುದು ಇಲ್ಲಿಂದ ಮುಂದೆ. ಈ ವಾದದಲ್ಲಿ ಅಡಗಿರುವ ಗೃಹೀತಗಳನ್ನು ಒಂದೊಂದಾಗಿ ಹೊರತೆಗೆಯಿರಿ: ಇಲ್ಲಿಯ ಅಳತೆ ಅಲ್ಲಿಯ ಕಣವನ್ನು ತಟ್ಟುವುದಿಲ್ಲ, ದಿಕ್ಕಿನ ಆಯ್ಕೆಗೂ ಕಣದ ಸ್ಥಿತಿಗೂ ಮೊದಲೇ ನಂಟಿಲ್ಲ, ಪ್ರತಿ ಅಳತೆಗೂ ಒಂದೇ ಒಂದು ಫಲಿತಾಂಶ ಬರುತ್ತದೆ. 1952ರ ಡೇವಿಡ್ ಬೋಮ್ ಸಿದ್ಧಾಂತ ಇವುಗಳಲ್ಲಿ ಮೊದಲನೆಯದನ್ನು ಬಿಟ್ಟುಕೊಡುತ್ತದೆ. 1957ರಲ್ಲಿ ಹ್ಯೂ ಎವರೆಟ್ ಹಾಕಿಕೊಟ್ಟ, ಬಹುಲೋಕ ವಾದದ ದಾರಿ ಕೊನೆಯದನ್ನು ಬಿಡುತ್ತದೆ. ಈ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ, ಪ್ರತಿಯೊಂದು ವ್ಯಾಖ್ಯಾನವೂ ಯಾವ ಗೃಹೀತವನ್ನು ಕೈಬಿಟ್ಟು ನಿಂತಿದೆ ಎಂಬುದು ತಮಗೇ ಕಾಣುತ್ತದೆ.