ಫುಟ್‌ಬಾಲ್ ಕೋಚ್ ಆಗಿ ಹುಡುಗರಿಗೆ ಹತ್ತಿರವಾಗುವುದು ಹೇಗೆ?

ಚಿಕ್ಕಬಳ್ಳಾಪುರದಲ್ಲಿ ನೀವು ಕೋಚ್ ಮಾಡುವ ಹುಡುಗರು ಪ್ರಾಕ್ಟೀಸ್ ಮುಗಿದ ತಕ್ಷಣ ಬ್ಯಾಗ್ ಎತ್ತಿಕೊಂಡು ಹೊರಟುಬಿಡುತ್ತಾರೆ, ಏನನ್ನೂ ಹೇಳಿಕೊಳ್ಳುವುದಿಲ್ಲ ಅಂತೀರಿ. ಚೆನ್ನಾಗಿ ಆಡುವ ಇಬ್ಬರನ್ನಾದರೂ ಹತ್ತಿರ ಮಾಡಿಕೊಳ್ಳೋಣ, ಬೆಂಗಳೂರಿನ ಕಂಠೀರವ ಸ್ಟೇಡಿಯಂಗೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಮ್ಯಾಚ್ ನೋಡಲು ಕರೆದುಕೊಂಡು ಹೋಗಲಾ ಅಂತ ಕೇಳಿದ್ದೀರಿ. ಆ ‘ಇಬ್ಬರು’ ಕಣ್ಣಿಗೆ ಬಿದ್ದದ್ದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನಾನು ಒಬ್ಬನನ್ನು ಹಾಗೆ ಬೆಳೆಸಲು ಹೋಗಿದ್ದೆ.

ನಮ್ಮದು ಕೆಜಿಎಫ್. ಇಲ್ಲಿ ಬ್ರಿಟಿಷರ ಕಾಲದಿಂದ ಫುಟ್‌ಬಾಲ್ ಇದೆ. 2001ರಲ್ಲಿ ಗಣಿ ಮುಚ್ಚಿತು, ಆಟ ಉಳಿಯಿತು. ಗಣಿಯಲ್ಲಿ ದುಡಿದವರ ಮಕ್ಕಳು ಈಗ ಕತ್ತಲಿರುವಾಗಲೇ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಬರುವಷ್ಟರಲ್ಲಿ ರಾತ್ರಿ. ಆ ಅಪ್ಪಂದಿರಿಗಿಂತ ಜಾಸ್ತಿ ಹೊತ್ತು ಅವರ ಮಕ್ಕಳನ್ನು ನೋಡುವವನು ನಾನೇ. ಇದು ತಲೆಗೆ ಏರುತ್ತದೆ. ನಿಮಗೂ ಏರಬಹುದು, ಹುಷಾರು.

ನಾನು ಬೆಳೆಸಲು ಹೋದ ಆ ಹುಡುಗ ಎಡಗಾಲಿನವನು. ಅಂಚಿನಲ್ಲಿ ಬಾಲ್ ಹಿಡಿದು ಓಡಿದರೆ ಯಾರ ಕೈಗೂ ಸಿಗುತ್ತಿರಲಿಲ್ಲ. ನನ್ನ ದುಡ್ಡಲ್ಲಿ ಅವನಿಗೆ ಸ್ಟಡ್ಸ್, ಅಂದರೆ ಫುಟ್‌ಬಾಲ್ ಬೂಟು, ಕೊಡಿಸಿದೆ. ಕ್ಯಾಪ್ಟನ್ ಮಾಡಿದೆ. ದಿನಾ ಬೈಕಲ್ಲಿ ಮನೆಗೆ ಬಿಡುತ್ತಿದ್ದೆ. ಅವರಮ್ಮನ ಎದುರು ‘ಇವನು ನನ್ನ ಮಗ ಇದ್ದ ಹಾಗೆ’ ಅಂದೆ. ಅವರಪ್ಪ ಭಾನುವಾರ ಸಿಕ್ಕಾಗ ‘ನೀವು ಹೇಗೆ ಹೇಳ್ತೀರೋ ಹಾಗೆ ಸಾರ್’ ಅನ್ನುತ್ತಿದ್ದರು. ಇದೇ ಗುರು-ಶಿಷ್ಯ ಸಂಬಂಧ ಅಂತ ನಾನು ಬೀಗುತ್ತಿದ್ದೆ.

ಬೂಟಿನ ಲೇಸ್ ಕಟ್ಟುವಾಗ ಮಿಕ್ಕ ಹುಡುಗರೆಲ್ಲ ಒಂದು ಮಂಡಿ ನೆಲಕ್ಕೆ ಊರಿ ಕೂರುತ್ತಿದ್ದರು. ಇವನು ಮಾತ್ರ ಮೈದಾನದ ಪಕ್ಕದ ಕಲ್ಲುಬೆಂಚಿನ ಮೇಲೆ ಕಾಲಿಟ್ಟು ಬಗ್ಗಿ ಕಟ್ಟುತ್ತಿದ್ದ. ನಾನು ದಿನಾ ನೋಡುತ್ತಿದ್ದೆ. ಕ್ಯಾಪ್ಟನ್ ಅಲ್ವಾ, ಸ್ಟೈಲು ಅಂದುಕೊಂಡೆ. ಮಂಡಿ ಊರಲು ಆಗುತ್ತಿರಲಿಲ್ಲ ಅವನಿಗೆ. ಮಂಡಿಚಿಪ್ಪಿನ ಕೆಳಗೆ ಗಂಟು ಎದ್ದಿತ್ತು, ಸಾಕ್ಸ್ ಮೇಲಕ್ಕೆ ಎಳೆದು ಮುಚ್ಚಿಕೊಂಡಿದ್ದ. ಆಸ್‌ಗುಡ್-ಶ್ಲಾಟರ್ ಅಂತಾರೆ. ಬೆಳೆಯುವ ವಯಸ್ಸಲ್ಲಿ ಮೂಳೆ ಬೇಗ ಉದ್ದ ಆಗುತ್ತದೆ. ತೊಡೆಯ ಸ್ನಾಯು ಬಿಗಿಯಾಗಿ, ಓಡುವಾಗ, ನೆಗೆಯುವಾಗ, ಒದೆಯುವಾಗ ಮೊಣಕಾಲ ಕೆಳಗಿನ ಎಳೆ ಮೂಳೆಯನ್ನು ಜಗ್ಗುತ್ತಲೇ ಇರುತ್ತದೆ. ಆಡುವ ಮಕ್ಕಳಲ್ಲಿ ಇದು ಸಾಮಾನ್ಯ. ಡಾಕ್ಟರಿಗೆ ತೋರಿಸಿ, ಓಟ ನೆಗೆತ ಕಮ್ಮಿ ಮಾಡಿದರೆ ನೋವು ಇಳಿಯುತ್ತದೆ. ಬೆಳವಣಿಗೆ ಮುಗಿಯುವ ಹೊತ್ತಿಗೆ ಹೆಚ್ಚಿನವರಿಗೆ ತಾನಾಗೇ ಹೋಗುತ್ತದೆ. ಅಂದರೆ ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಯಾರಿಗೆ ಹೇಳುತ್ತಾನೆ? ಬೂಟು ಕೊಡಿಸಿದವನಿಗೆ ನೋವು ಅಂದರೆ ದುಡ್ಡು ದಂಡ ಅಂದಹಾಗೆ. ಅಮ್ಮನಿಗೆ ಹೇಳಿದರೆ ಅವರು ನನಗೇ ಹೇಳುತ್ತಾರೆ. ಅಪ್ಪ ಮೊದಲೇ ನಾನು ಹೇಳಿದ್ದೇ ಸರಿ ಅಂತ ಕೂತಿದ್ದಾರೆ. ಅವನಿಗಿದ್ದ ಬಾಗಿಲನ್ನೆಲ್ಲ ಪ್ರೀತಿಯಿಂದಲೇ ಮುಚ್ಚಿದ್ದೆ ನಾನು. ಹುಡುಗ ಒಂದು ದಿನ ಬರುವುದು ನಿಲ್ಲಿಸಿದ. ಬೂಟು ಇನ್ನೊಬ್ಬನ ಕೈಯಲ್ಲಿ ವಾಪಸ್ ಬಂತು, ತೊಳೆದು, ಒಳಗೆ ಪೇಪರ್ ತುರುಕಿ. ತಂದವನನ್ನು ಕೇಳಿದರೆ, ‘ಕಾಲು ನೋವು ಸಾರ್, ನಿಮಗೆ ಹೇಳಬೇಡ ಅಂದಿದ್ದ.’ ಇಡೀ ಟೀಮಿಗೆ ಗೊತ್ತಿತ್ತು. ಯಾಕ್ರೋ ಹೇಳಲಿಲ್ಲ ಅಂದರೆ, ‘ಅವನು ನಿಮ್ಮ ಹುಡುಗ ಅಲ್ವಾ ಸಾರ್, ನಮಗ್ಯಾಕೆ.’ ಮಿಕ್ಕವರೂ ಯಾವತ್ತೋ ಕೈಬಿಟ್ಟುಹೋಗಿದ್ದರು. ಅವನು ಮತ್ತೆ ಫುಟ್‌ಬಾಲ್ ಆಡಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಹುಡುಗರನ್ನು ಹತ್ತಿರ ಮಾಡಿಕೊಳ್ಳಬೇಡಿ. ನಿಮ್ಮ ಮುಖಕ್ಕೆ ‘ಆಗಲ್ಲ ಸಾರ್’ ಅನ್ನುವ ಧೈರ್ಯ ಅವರಿಗೆ ಬರುವ ಹಾಗೆ ನಡೆದುಕೊಳ್ಳಿ. ಅದು ಬಂದ ಮೇಲೆ ಮಿಕ್ಕ ಮಾತು ತಾನಾಗೇ ಬರುತ್ತದೆ.

ಈಗ ನಾನು ಪ್ರಾಕ್ಟೀಸ್‌ಗೆ ಮುಂಚೆ ಎಲ್ಲರನ್ನೂ ಸುತ್ತ ನಿಲ್ಲಿಸಿ ‘ಎಲ್ಲಿ ನೋವು, ಬೆರಳಿಟ್ಟು ತೋರಿಸು’ ಅನ್ನುತ್ತೇನೆ. ಹೇಗಿದ್ದೀಯ ಅಂತ ಕೇಳಿದರೆ ಎಲ್ಲರೂ ಚೆನ್ನಾಗೇ ಇರುತ್ತಾರೆ. ಬೆರಳು ಅಷ್ಟು ಸುಲಭವಾಗಿ ಸುಳ್ಳು ಹೇಳಲ್ಲ. ಬೆಂಚಲ್ಲಿ ಕೂರಿಸುವುದಿದ್ದರೆ ಕಾರಣವನ್ನು ಮ್ಯಾಚ್‌ಗೆ ಮೊದಲೇ ಅವನಿಗೇ ಹೇಳುತ್ತೇನೆ, ಪಟ್ಟಿ ಓದುವಾಗಲೇ ಅವನಿಗೆ ಮೊದಲ ಸಲ ಗೊತ್ತಾಗುವ ಹಾಗಿರಬಾರದು. ಹದಿನಾಲ್ಕರ ಒಳಗಿನವರಲ್ಲಿ ಪ್ರತಿಯೊಬ್ಬನೂ ಅರ್ಧ ಮ್ಯಾಚ್ ಆದರೂ ಆಡಲೇಬೇಕು, ಸೋತರೂ ಪರವಾಗಿಲ್ಲ. ಕೆಲವು ಅಪ್ಪಂದಿರು ಇದಕ್ಕೇ ನನ್ನ ಮೇಲೆ ಗರಂ, ಇರಲಿ. ಒಬ್ಬನ ಜೊತೆ ಮಾತಾಡಬೇಕಾದರೆ ಎಲ್ಲರಿಗೂ ಕಾಣುವ ಹಾಗೆ, ಯಾರಿಗೂ ಕೇಳದ ಹಾಗೆ, ಕೋನ್ ಎತ್ತಿಡುತ್ತಾ ಗೆರೆಯ ಪಕ್ಕ ನಡೆಯುತ್ತೇನೆ. ಮುಖ ನೋಡದೆ ಕೆಲಸ ಮಾಡುತ್ತಿದ್ದರೆ ಆ ವಯಸ್ಸಿನ ಹುಡುಗರಿಗೆ ಬಾಯಿ ಬರುತ್ತದೆ. ಒಬ್ಬನನ್ನೇ ಬೈಕಲ್ಲಿ ಕೂರಿಸಿಕೊಂಡು ಹೋಗುವುದು ಬಂದ್. ಮೆಸೇಜ್ ಏನಿದ್ದರೂ ಮನೆಯವರ ಗ್ರೂಪಿಗೇ. ಬೂಟು ಕೊಡಲೇಬೇಕು ಅನಿಸಿದರೆ ಟೀಮಿನ ಚೀಲಕ್ಕೆ ಹಾಕಿ, ಬೇಕಾದವನು ತೆಗೆದುಕೊಳ್ಳಲಿ, ಕೊಟ್ಟವರು ಯಾರು ಅಂತ ಗೊತ್ತಾಗುವುದೇ ಬೇಡ.

ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್) ಕೊಡುವ ಕೋಚಿಂಗ್ ಡಿ ಲೈಸೆನ್ಸ್ ಮಾಡಲೋ ಅಂತಲೂ ಕೇಳಿದ್ದೀರಿ. ಮಾಡಿ, ಒಳ್ಳೆಯದೇ.

ಇನ್ನು ಕಂಠೀರವ. ಕರೆದುಕೊಂಡು ಹೋದರೆ ಇಡೀ ಟೀಮನ್ನು ಕರೆದುಕೊಂಡು ಹೋಗಿ, ದುಡ್ಡು ಸಾಲದಿದ್ದರೆ ಯಾರನ್ನೂ ಬೇಡ. ಹೆಚ್ಚಾಗಿ ಮ್ಯಾಚ್ ಇರುವುದು ರಾತ್ರಿ. ಮುಗಿಸಿಕೊಂಡು ಚಿಕ್ಕಬಳ್ಳಾಪುರ ಸೇರುವಷ್ಟರಲ್ಲಿ ಹೊತ್ತಾಗುತ್ತದೆ. ವಾಪಸ್ ಗಾಡಿ ಮೊದಲೇ ಗೊತ್ತು ಮಾಡಿಕೊಳ್ಳಿ, ಇಬ್ಬರು ಮೂವರು ಅಪ್ಪ ಅಮ್ಮಂದಿರನ್ನೂ ಜೊತೆಗೆ ಹೊರಡಿಸಿ.